ಹಳೆಯ ಇಂಗ್ಲಿಷ್ ನಗೆಗಾರರು ಮತ್ತು ನನ್ನದೊಂದು ತಕರಾರು



ಕಳೆದ ಭಾನುವಾರ ಬೆಳಿಗ್ಗೆ ಎರಡನೆಯ ಲೋಟ ಕಾಫಿ ಹಿಡಿದು ಜಗುಲಿಯ ಮೇಲೆ ಕುಳಿತಿದ್ದಾಗ, ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ತುಣುಕು ಬಂದು ಬಿದ್ದಿತು. 'ಮೈಂಡ್ ಯುವರ್ ಲ್ಯಾಂಗ್ವೇಜ್' ಎಂಬ ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಯದು. ಕಳುಹಿಸಿದಾತ ಇಂಗ್ಲೆಂಡಿನಲ್ಲಿ ನೆಲೆಸಿರುವ, ನಾನು ಬಹಳ ಮೆಚ್ಚುವ ಶಿಷ್ಯ. ಅದರ ಕೆಳಗೆ ಬರೆದಿದ್ದ: "ಸರ್, ಎಂಥ ಕಾಲ ಅದು! ಈಗ ಹಾಗೆ ನಗಿಸುವವರೂ ಇಲ್ಲ, ನಗುವ ಎದೆಗಾರಿಕೆಯೂ ಯಾರಿಗಿಲ್ಲ. ಏನು ಹೇಳಿದರೂ ಯಾರಿಗೋ ನೋವಾಗಿಬಿಡುತ್ತದೆ." ಅರ್ಧ ಗಂಟೆಯೊಳಗೆ ನಲವತ್ತು ಹೆಬ್ಬೆರಳುಗಳು ಮೇಲೆದ್ದವು. ನನ್ನದು ಏಳಲಿಲ್ಲ. ಇಬ್ಬರು ಮೂವರು "ಸರ್ ಏಕೋ ಮೌನ" ಎಂದು ಕೆಣಕಿದರು. ಆ ಪುಟ್ಟ ಕಿಂಡಿಯಲ್ಲಿ ಬರೆಯಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತುಸು ಉದ್ದವಾಗುತ್ತದೆ; ನನ್ನ ಪಾಠದ ಅವಧಿ ಗಂಟೆ ಹೊಡೆದ ಮೇಲೂ ಮುಂದುವರಿಯುತ್ತಿದ್ದುದು ನಿಮಗೇನು ಹೊಸದಲ್ಲವಲ್ಲ!

ಮೊದಲೇ ಹೇಳಿಬಿಡುತ್ತೇನೆ: ಹಳೆಯ ಬ್ರಿಟಿಷ್ ಹಾಸ್ಯಗಾರರ ಬಗೆಗಿನ ಹಂಬಲ ನನಗೂ ಇದೆ, ನಿಮಗಿಂತ ಒಂದು ತೂಕ ಹೆಚ್ಚೇ ಇದ್ದೀತು. ನನ್ನ ತಕರಾರು ಇರುವುದು ಬೇರೆ ಕಡೆ. 'ಆ ಕಾಲದ ಹಾಸ್ಯ' ಎಂಬ ಒಂದೇ ಚೀಲದಲ್ಲಿ ನೀವು ಅಕ್ಕಿಯನ್ನೂ ಕಲ್ಲನ್ನೂ ಕೂಡಿಸಿ ತೂಗುತ್ತಿದ್ದೀರಿ. ಕಲ್ಲು ಆರಿಸಲು ಹೊರಟವನನ್ನು ನಗಲು ಬಾರದವನೆಂದು ಹಂಗಿಸುತ್ತೀರಿ. ಆ ತುಣುಕಿನಲ್ಲಿರುವುದು ಬಹುಪಾಲು ಕಲ್ಲು ಎಂಬುದು ನನ್ನ ಅಭಿಪ್ರಾಯ. ಅಕ್ಕಿ ಯಾವುದು ಎಂಬುದನ್ನು ಮೊದಲು ಹೇಳುತ್ತೇನೆ.

2014ರಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಇಂಗ್ಲೆಂಡಿಗೆ ಹೋಗಿದ್ದೆವು. ಬಾಣಂತನವೆಲ್ಲ ನನ್ನ ಶ್ರೀಮತಿಯದು. ನನಗೆ ಒಪ್ಪಿಸಿದ್ದ ಕೆಲಸವೆಂದರೆ ಒಗೆದ ಬಟ್ಟೆ ಮಡಚುವುದು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೀಟರಿನ ಬಿಸಿ. ಬಟ್ಟೆ ಮಡಚುತ್ತ, ಟಿವಿಯಲ್ಲಿ ಮರುಪ್ರಸಾರವಾಗುತ್ತಿದ್ದ ಹಳೆಯ ಕಾರ್ಯಕ್ರಮಗಳನ್ನು ಒಂದೊಂದಾಗಿ ನೋಡತೊಡಗಿದೆ. ಅಳಿಯಂದಿರು ಹುಡುಕಿಕೊಟ್ಟ ಇನ್ನಷ್ಟನ್ನು ಊರಿಗೆ ಬಂದ ಮೇಲೂ ನೋಡಿದೆ.

ಟಾಮಿ ಕೂಪರನನ್ನು ನಾನು ಮೊದಲು ಕಂಡದ್ದು ಹಾಗೆ. 1921ರಲ್ಲಿ ವೇಲ್ಸಿನಲ್ಲಿ ಹುಟ್ಟಿದವನು. ಆರಡಿಗೂ ಮಿಗಿಲಾದ ದೇಹ, ತಲೆಯ ಮೇಲೊಂದು ಕೆಂಪು ಫೆಜ್ ಟೋಪಿ. ಯಕ್ಷಿಣಿ ಮಾಡಲೆಂದು ರಂಗಕ್ಕೆ ಬರುತ್ತಾನೆ. ಒಂದೂ ಸರಿಹೋಗುವುದಿಲ್ಲ. ಮಾಯವಾಗಬೇಕಾದದ್ದು ಮಾಯವಾಗುವುದಿಲ್ಲ, ಬಚ್ಚಿಟ್ಟದ್ದು ತೋಳಿನಿಂದ ಜಾರುತ್ತದೆ. ಅವನು ಗಾಬರಿಯಿಂದ ನಮ್ಮತ್ತ ನೋಡಿ ತಾನೇ ನಗುತ್ತಾನೆ. ವಾಸ್ತವವಾಗಿ ಅವನು ಕೈಚಳಕ ಬಲ್ಲ ನುರಿತ ಯಕ್ಷಿಣಿಗಾರ. ಲಂಡನ್ನಿನ 'ಮ್ಯಾಜಿಕ್ ಸರ್ಕಲ್' ಎಂಬ ಯಕ್ಷಿಣಿಗಾರರ ಸಂಘದ ಸದಸ್ಯ. ಬಲ್ಲ ವಿದ್ಯೆಯನ್ನು ಬಾರದವನಂತೆ ನಟಿಸಿ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಜನರ ಮುಂದೆ ತಾನು ಪೆದ್ದನಾಗಿ ನಿಂತ. 1984ರ ಏಪ್ರಿಲ್ 15ರಂದು ಲಂಡನ್ನಿನ ಹರ್ ಮೆಜೆಸ್ಟೀಸ್ ರಂಗಮಂದಿರದಲ್ಲಿ, ಟಿವಿಯಲ್ಲಿ ನೇರಪ್ರಸಾರವಾಗುತ್ತಿದ್ದ ಪ್ರದರ್ಶನದ ನಡುವೆಯೇ ಹೃದಯಾಘಾತವಾಗಿ ತೆರೆಗೆ ಒರಗಿ ಕುಸಿದ. ಅದೂ ಆಟದ ಭಾಗವೆಂದು ತಿಳಿದು ಸಭಿಕರು ನಗುತ್ತಲೇ ಇದ್ದರು. ಆ ಸಭಿಕರನ್ನು ನಾನು ದೂಷಿಸಲಾರೆ. ಅಷ್ಟು ವರ್ಷ ಅವನು ಬಿದ್ದದ್ದೆಲ್ಲ ಅವರಿಗಾಗಿಯೇ ತಾನೇ?

ಎರಿಕ್ ಮೋರ್ಕಮ್ ಮತ್ತು ಅರ್ನಿ ವೈಸ್ ಜೋಡಿಯದು ಬೇರೆ ದಾರಿ, ಆದರೆ ಸ್ವಭಾವ ಅದೇ. 1971ರ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಲಂಡನ್ ಸಿಂಫನಿ ವಾದ್ಯವೃಂದದ ನಿರ್ದೇಶಕ ಆಂಡ್ರೆ ಪ್ರೆವಿನ್ ಎದುರು ಎರಿಕ್ ಪಿಯಾನೋಗೆ ಕೂರುತ್ತಾನೆ. ಗ್ರೀಗ್ ಎಂಬ ಮಹಾನುಭಾವನ ಕೃತಿ ನುಡಿಸುತ್ತೇನೆಂದು ಏನನ್ನೋ ಬಾರಿಸುತ್ತಾನೆ. ತಪ್ಪೆಂದ ಪ್ರೆವಿನ್‌ನ ಕೋಟಿನ ಕಾಲರು ಹಿಡಿದೆತ್ತಿ, ಸ್ವರಗಳೆಲ್ಲ ಸರಿಯಾಗಿಯೇ ಇವೆ, ಅನುಕ್ರಮ ಮಾತ್ರ ತುಸು ಬೇರೆಯಾಗಿರಬಹುದು ಎಂಬ ಧಾಟಿಯಲ್ಲಿ ಗದರುತ್ತಾನೆ. (ನನ್ನ ಅನೇಕ ಶಿಷ್ಯರ ಉತ್ತರಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ವಕಾಲತ್ತು ಬೇರೆ ಇಲ್ಲ.) ಇವರ 1977ರ ಕ್ರಿಸ್‌ಮಸ್ ಕಾರ್ಯಕ್ರಮವನ್ನು ಎರಡು ಕೋಟಿಗೂ ಹೆಚ್ಚು ಮಂದಿ ನೋಡಿದರು. ಆದರೆ 1954ರಲ್ಲಿ ಇವರ ಮೊದಲ ಟಿವಿ ಸರಣಿ ನೆಲಕಚ್ಚಿದಾಗ, ಟಿವಿ ಪೆಟ್ಟಿಗೆಯೆಂದರೆ ಇವರನ್ನು ಹೂಳಿದ ಪೆಟ್ಟಿಗೆ ಎಂಬರ್ಥದಲ್ಲಿ ವಿಮರ್ಶಕನೊಬ್ಬ ಪತ್ರಿಕೆಯಲ್ಲಿ ಬರೆದಿದ್ದ. ಆ ತುಣುಕನ್ನು ಕತ್ತರಿಸಿ ಎರಿಕ್ ತನ್ನ ಪರ್ಸಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ. ತನ್ನ ಸೋಲನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವನಿಗೆ ಇನ್ನೊಬ್ಬನ ಸೋಲು ಅಷ್ಟು ಸುಲಭವಾಗಿ ತಮಾಷೆಯಾಗಿ ಕಾಣಲಿಕ್ಕಿಲ್ಲ.

ಇನ್ನು, ಇಂಗ್ಲಿಷ್ ಮೇಷ್ಟ್ರಾದ ನನಗೆ ಅತ್ಯಂತ ಪ್ರಿಯವಾದದ್ದು 'ದ ಟೂ ರಾನೀಸ್' ಜೋಡಿ 1976ರಲ್ಲಿ ಮಾಡಿದ ಒಂದು ಪುಟ್ಟ ಪ್ರಹಸನ. ಕಬ್ಬಿಣದ ಸಾಮಾನಿನ ಅಂಗಡಿಗೆ ಒಬ್ಬ ಗಿರಾಕಿ ಬಂದು ಏನೋ ಕೇಳುತ್ತಾನೆ. ಅಂಗಡಿಯವನಿಗೆ ಅದು 'ಫೋರ್ ಕ್ಯಾಂಡಲ್ಸ್' ಎಂದು ಕೇಳಿಸುತ್ತದೆ; ನಾಲ್ಕು ಮೇಣದಬತ್ತಿ ತಂದಿಡುತ್ತಾನೆ. ಗಿರಾಕಿ ಕೇಳಿದ್ದು 'ಫೋರ್ಕ್ ಹ್ಯಾಂಡಲ್ಸ್', ಅಂದರೆ ತೋಟದ ಕೆಲಸದ ಕವೆಗೋಲಿಗೆ ಹಾಕುವ ಹಿಡಿಗಳು! ಹೀಗೆಯೇ ಒಂದರ ಹಿಂದೊಂದು ಎಡವಟ್ಟಾಗಿ ಅಂಗಡಿಯವನಿಗೆ ತಲೆ ಕೆಡುತ್ತದೆ. ಗಿರಾಕಿಯಾಗಿ ನಟಿಸಿದ ರಾನಿ ಬಾರ್ಕರನೇ ಇದನ್ನು ಬರೆದವನೂ ಹೌದು. ಬರಹದ ಯೋಗ್ಯತೆಯ ಮೇಲೆಯೇ ಅದು ಆಯ್ಕೆಯಾಗಲೆಂದು ಅವನು ಜೆರಾಲ್ಡ್ ವೈಲಿ ಎಂಬ ಹುಸಿ ಹೆಸರಿನಲ್ಲಿ ಬರೆದು ಕಳುಹಿಸುತ್ತಿದ್ದನಂತೆ. ಈ ಪ್ರಹಸನ ನಿಂತಿರುವುದೇ ಒಂದು ಹಕಾರದ ಮೇಲೆ ಎಂಬುದನ್ನು ಗಮನಿಸಿ. ಗಿರಾಕಿ 'ಹ್ಯಾಂಡಲ್'ನ ಹಕಾರವನ್ನು ನುಂಗಿ 'ಆಂಡಲ್' ಎನ್ನುತ್ತಾನೆ. ನಮ್ಮಲ್ಲಿ ಹಾಲನ್ನು 'ಆಲು' ಎಂದವನನ್ನು ಎಷ್ಟು ಹಂಗಿಸುತ್ತೇವೆ! ಲಂಡನ್ನಿನ ಸಾಮಾನ್ಯ ಜನರೂ ಅದೇ ಹಕಾರವನ್ನು ತಲತಲಾಂತರದಿಂದ ನುಂಗುತ್ತ ಬಂದಿದ್ದಾರೆ. ಆದರೆ ಪ್ರಹಸನದಲ್ಲಿ ಆ ಗಿರಾಕಿ ಪೆದ್ದನಲ್ಲ. ಅವನು ಕೇಳಿದ್ದು ಅವನಿಗೆ ಸ್ಪಷ್ಟವಾಗಿಯೇ ಇದೆ. ನಗು ಹುಟ್ಟುವುದು ಇಂಗ್ಲಿಷ್ ಎಂಬ ಭಾಷೆಯ ಡೊಂಕಿನಿಂದ.

ಇವೆಲ್ಲಕ್ಕೂ ಮುಕುಟಪ್ರಾಯವಾದದ್ದು 'ಡ್ಯಾಡ್ಸ್ ಆರ್ಮಿ'. 1968ರಿಂದ 1977ರವರೆಗೆ ಬಿಬಿಸಿಯಲ್ಲಿ ಎಂಬತ್ತು ಕಂತುಗಳು. ಬರೆದವರು ಜಿಮ್ಮಿ ಪೆರ್ರಿ ಮತ್ತು ಡೇವಿಡ್ ಕ್ರಾಫ್ಟ್. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. 1940ರಲ್ಲಿ ಹಿಟ್ಲರನ ಸೈನ್ಯ ಇಂದೋ ನಾಳೆಯೋ ಕಡಲು ದಾಟಿ ಬರುತ್ತದೆಂಬ ಭೀತಿಯಲ್ಲಿ ಬ್ರಿಟನ್ ಸರ್ಕಾರ 'ಹೋಮ್ ಗಾರ್ಡ್' ಎಂಬ ಸ್ವಯಂಸೇವಕ ಪಡೆಯನ್ನು ಕಟ್ಟಿತು. ಸೈನ್ಯಕ್ಕೆ ಸೇರಲಾಗದ ವಯಸ್ಸಾದವರು, ಎಳೆಯರು, ಊರು ಬಿಡಲಾಗದ ಕೆಲಸಗಳಲ್ಲಿದ್ದವರು ಅದರಲ್ಲಿದ್ದರು. ಕಲ್ಪಿತ ಕಡಲೂರೊಂದರ ಅಂಥ ಪಡೆಯ ಕಥೆ ಇದು. ಅದರ ನಾಯಕ ಬ್ಯಾಂಕ್ ಮ್ಯಾನೇಜರ್ ಮೇನ್‌ವಾರಿಂಗ್: ಕುಳ್ಳ, ದಪ್ಪ, ತಾನೇ ದೇಶ ಉಳಿಸುವವನೆಂಬ ಬಿಗುಮಾನ. ಅವನ ಕೈಕೆಳಗಿನ ಗುಮಾಸ್ತ ವಿಲ್ಸನ್ ಅವನಿಗಿಂತ ಮೇಲಿನ ಮನೆತನದವನು, ಮೇಲಾದ ಶಾಲೆಯಲ್ಲಿ ಓದಿದವನು. ಮೇನ್‌ವಾರಿಂಗ್ ಒಳಗೊಳಗೇ ಬೇಯುತ್ತಾನೆ. ಇಂಗ್ಲಿಷರ ಜಾತಿ ವ್ಯವಸ್ಥೆ ಎಂದರೆ ಏನೆಂದು ಯಾರಾದರೂ ಕೇಳಿದರೆ, ನಾನು ಪುಸ್ತಕ ಕೊಡುವುದಿಲ್ಲ. ಈ ಇಬ್ಬರು ಒಂದೇ ಕೋಣೆಯಲ್ಲಿರುವ ಯಾವುದಾದರೂ ದೃಶ್ಯ ತೋರಿಸುತ್ತೇನೆ.

1973ರ ಒಂದು ಕಂತಿನಲ್ಲಿ ಸೆರೆಸಿಕ್ಕ ಜರ್ಮನ್ ಜಲಾಂತರ್ಗಾಮಿಯ ಕಪ್ತಾನನೊಬ್ಬ, ತನ್ನನ್ನು ಅವಮಾನಿಸಿದವರ ಹೆಸರುಗಳನ್ನು ಯುದ್ಧ ಗೆದ್ದ ಮೇಲೆ ಸೇಡು ತೀರಿಸಿಕೊಳ್ಳಲೆಂದು ಬರೆದುಕೊಳ್ಳುತ್ತಿರುತ್ತಾನೆ. ಪಡೆಯ ಕಿರಿಯ ಹುಡುಗ ಪೈಕ್ ಹಿಟ್ಲರನನ್ನು ಅಣಕಿಸಿ ಹಾಡುತ್ತಾನೆ. ಕಪ್ತಾನ ಅವನ ಹೆಸರು ಕೇಳುತ್ತಾನೆ. ಮೇನ್‌ವಾರಿಂಗ್ ಅಧಿಕಾರವಾಣಿಯಿಂದ, ಹೇಳಕೂಡದೆಂದು ಹುಡುಗನಿಗೆ ಆಜ್ಞಾಪಿಸುತ್ತಾನೆ, ಹುಡುಗನ ಹೆಸರು ಹಿಡಿದು ಕೂಗಿಯೇ! ಆ ನಗು ಜರ್ಮನನ ಮೇಲಲ್ಲ, ಹುಡುಗನ ಮೇಲೂ ಅಲ್ಲ. ತನ್ನ ಜಾಣತನದ ಮೇಲೆ ತಾನೇ ಕಾಲಿಟ್ಟು ಜಾರಿದ ನಾಯಕನ ಮೇಲೆ. ಯುದ್ಧ ಗೆದ್ದ ದೇಶವೊಂದು ಆ ಯುದ್ಧವನ್ನು ನೆನೆದು ನಕ್ಕದ್ದು ತನ್ನನ್ನೇ ನೋಡಿಕೊಂಡು.

ಇನ್ನೊಂದು ಕಂತು 1969ರದು. ಪಡೆಯ ಮುದುಕ ಗಾಡ್‌ಫ್ರೀ, ತಾನು ಮೊದಲ ಮಹಾಯುದ್ಧದಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ನಿರಾಕರಿಸಿದವನೆಂದು ಹೇಳುತ್ತಾನೆ. ಎಲ್ಲರೂ ಅವನನ್ನು ದೂರವಿಡುತ್ತಾರೆ. ಆಮೇಲೆ ತಿಳಿಯುತ್ತದೆ: ಅವನು ಗಾಯಾಳುಗಳನ್ನು ಹೊತ್ತು ತರುವ ಸೇವೆಯಲ್ಲಿದ್ದು, ಗುಂಡಿನ ಮಳೆಯ ನಡುವೆ ಸೈನಿಕರನ್ನು ಉಳಿಸಿ ಶೌರ್ಯಪದಕ ಪಡೆದವನು. ಅದನ್ನೂ ಅವನಾಗಿ ಹೇಳಿಕೊಳ್ಳುವುದಿಲ್ಲ. ಆ ಪಾತ್ರ ಮಾಡಿದ ಆರ್ನಲ್ಡ್ ರಿಡ್ಲಿ ನಿಜಜೀವನದಲ್ಲಿ 1916ರ ಸಾಮ್ ಕದನದಲ್ಲಿ ತೀವ್ರವಾಗಿ ಗಾಯಗೊಂಡವನು. ಈ ಕಂತು ಮುಗಿದಾಗ ನಾನು ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿದಿತ್ತು. ಹಾಸ್ಯ ಧಾರಾವಾಹಿಯೊಂದು ತನ್ನ ಪಾತ್ರಗಳಿಗೆ ನಾಚಿಕೆಪಡುವುದನ್ನು ಕಲಿಸಿತ್ತು.

ಹಾಗಾದರೆ ಕಲ್ಲು ಯಾವುದು? ಅದೇ ಪೆರ್ರಿ, ಅದೇ ಕ್ರಾಫ್ಟ್, 1974ರಿಂದ 1981ರವರೆಗೆ ಇನ್ನೊಂದು ಧಾರಾವಾಹಿ ಬರೆದರು: 'ಇಟ್ ಏಂಟ್ ಹಾಫ್ ಹಾಟ್ ಮಮ್'. ಕಥೆ ನಡೆಯುವುದು ನಮ್ಮ ದೇಶದಲ್ಲೇ, ನಾಸಿಕದ ಬಳಿಯ ದೇವಲಾಲಿ ಸೈನಿಕ ಶಿಬಿರದಲ್ಲಿ. ಸೈನಿಕರನ್ನು ರಂಜಿಸುವ ನಾಟಕ ತಂಡದ ಕಥೆ. ಪೆರ್ರಿ ಸ್ವತಃ ಅಲ್ಲಿ ಅಂಥ ತಂಡದಲ್ಲಿದ್ದವನು. ಅಲ್ಲಿನ ಬೇರರ್ ರಂಗಿ ರಾಮ್ ಎಂಬ ಭಾರತೀಯನ ಪಾತ್ರವನ್ನು ಮಾಡಿದವನು ಮೈಕೇಲ್ ಬೇಟ್ಸ್ ಎಂಬ ಬಿಳಿಯ ನಟ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು. ನ್ಯಾಯವಾಗಿ ಹೇಳಬೇಕೆಂದರೆ ಬೇಟ್ಸ್ ಹುಟ್ಟಿದ್ದು ಝಾನ್ಸಿಯಲ್ಲಿ, ನಮ್ಮ ಕಡೆಯ ಭಾಷೆ ಬಲ್ಲವನು. ರಂಗಿ ರಾಮನೂ ಹಲವೆಡೆ ತನ್ನ ದೊರೆಗಳಿಗಿಂತ ಜಾಣನೇ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ನಗೆಗೀಡಾಗುವವರೂ ನಗುವವರೂ ಒಂದೇ ಊರಿನವರು. ಎರಡನೆಯದರಲ್ಲಿ ಬಣ್ಣ ಬಳಿದು ಆಡಬೇಕಾದ ಒಬ್ಬ ಹೊರಗಿನವನಿದ್ದಾನೆ, ಅವನ ಇಂಗ್ಲಿಷೇ ಒಂದು ತಮಾಷೆ. ಒಂದೇ ಲೇಖನಿಯಿಂದ ಎರಡೂ ಬಂದವು. 'ಆ ಕಾಲದ ಹಾಸ್ಯ' ಎಂಬ ಒಂದು ವಸ್ತುವೇ ಇರಲಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ನಿಮ್ಮ ತುಣುಕಿಗೆ ಬರುತ್ತೇನೆ. 'ಮೈಂಡ್ ಯುವರ್ ಲ್ಯಾಂಗ್ವೇಜ್' 1977ರಿಂದ 1979ರವರೆಗೆ ಬ್ರಿಟನ್ನಿನಲ್ಲಿ ಪ್ರಸಾರವಾದದ್ದು. ಲಂಡನ್ನಿನ ಸಂಜೆ ಶಾಲೆಯೊಂದರಲ್ಲಿ ಬ್ರೌನ್ ಮೇಷ್ಟ್ರು ಪರದೇಶದವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಕೈ ಜೋಡಿಸಿ ಸಾವಿರ ಸಲ ಕ್ಷಮೆ ಕೇಳುವ ಸರ್ದಾರ್ ರಂಜೀತ್ ಸಿಂಗ್, ಸದಾ ಉಣ್ಣೆ ಹೆಣೆಯುವ ಜಮೀಲಾ, ಪಾಕಿಸ್ತಾನದ ಅಲಿ, ಬಗ್ಗಿ ನಮಸ್ಕರಿಸುವ ಜಪಾನಿನ ಟಾರೋ, ಮಾವೋನ ಕೆಂಪು ಪುಸ್ತಕ ಹಿಡಿದ ಚೀನೀ ಹುಡುಗಿ. ದೇಶಕ್ಕೊಂದು ಚೇಷ್ಟೆ, ಪ್ರತಿ ಕಂತಿನಲ್ಲೂ ಅದೇ ಚೇಷ್ಟೆ. ನಟರಿಗೆ ನನ್ನ ನಮಸ್ಕಾರ. ಏಷ್ಯಾ ಮೂಲದ ಕಲಾವಿದರಿಗೆ ಬ್ರಿಟಿಷ್ ಟಿವಿಯಲ್ಲಿ ಪಾತ್ರಗಳೇ ವಿರಳವಾಗಿದ್ದ ಕಾಲದಲ್ಲಿ ಅವರು ಸಿಕ್ಕದ್ದನ್ನು ಚೆನ್ನಾಗಿ ಮಾಡಿದರು. ಬ್ರೌನ್ ಮೇಷ್ಟ್ರೂ ಒಳ್ಳೆಯ ಮನುಷ್ಯ. ಆದರೆ ಒಬ್ಬ ಶಿಕ್ಷಕನಾಗಿ ನನ್ನದೊಂದು ಪ್ರಶ್ನೆ: ಮೂರು ಸರಣಿ ಮುಗಿದರೂ ಆ ತರಗತಿಯಲ್ಲಿ ಯಾರಿಗಾದರೂ ಇಂಗ್ಲಿಷ್ ಬಂತೇ? ಬರುವಂತಿಲ್ಲ. ಬಂದರೆ ಧಾರಾವಾಹಿ ಮುಗಿಯುತ್ತದೆ. ವಿದ್ಯಾರ್ಥಿಗಳು ಕಲಿಯದಿರುವುದೇ ಅದರ ಬಂಡವಾಳ. ಎರಡನೆಯ ಭಾಷೆಯಲ್ಲಿ ತಡವರಿಸುವವನನ್ನು ನೋಡಿ ನಗುವುದು, ಅವನು ನಾಳೆಯೂ ತಡವರಿಸಲಿ ಎಂದು ಹಾರೈಸುವುದು. ಅವನು ಬ್ರೌನ್ ಮೇಷ್ಟ್ರಿಗಿಂತ ಒಂದು ಭಾಷೆ ಹೆಚ್ಚು ಬಲ್ಲವನೆಂಬುದು ಯಾರಿಗೂ ನೆನಪಾಗುವುದಿಲ್ಲ.

ಇಷ್ಟೆಲ್ಲ ಬರೆಯಲು ನನಗೇನು ಹಕ್ಕು ಎಂದು ನೀವು ಕೇಳಬಹುದು. ಹಕ್ಕಿಲ್ಲದಿರುವುದರಿಂದಲೇ ಬರೆಯುತ್ತಿದ್ದೇನೆ. 1987ರ ಬೇಸಿಗೆಯಲ್ಲಿ ಮಸ್ಕತ್ತಿನಿಂದ ಬಂದಿದ್ದ ನನ್ನ ಸೋದರಮಾವನ ಮಗ ಈ ಧಾರಾವಾಹಿಯ ಎರಡು ಕ್ಯಾಸೆಟ್ ತಂದಿದ್ದ. ಬಾಡಿಗೆಗೆ ವಿಸಿಪಿ ತಂದು, ಮನೆಮಂದಿಯೆಲ್ಲ ರಾತ್ರಿ ಎರಡರವರೆಗೆ ಕೂತು ನೋಡಿದೆವು. ಬಿದ್ದು ಬಿದ್ದು ನಕ್ಕೆವು. ಆ ನಗು ಸುಳ್ಳಲ್ಲ. ಆಗ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮುಂದಿನ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಪಾಠ ಓದಿಸುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು 'ಸ್ಕೂಲ್' ಎಂಬುದನ್ನು 'ಇಸ್ಕೂಲ್' ಎಂದು ಓದಿದ. ತೋಟದ ಕೆಲಸದವರ ಮಗ. ದಿನಕ್ಕೆ ಹೋಗಿಬರುವಾಗ ಹನ್ನೆರಡು ಕಿಲೋಮೀಟರ್ ನಡೆಯುತ್ತಿದ್ದವನು. ನಾನು ಏನು ಮಾಡಿದೆ ಗೊತ್ತೇ? ರಂಜೀತ್ ಸಿಂಗನಂತೆ ಕೈ ಜೋಡಿಸಿ, ತಲೆಯಲ್ಲಾಡಿಸಿ, ಅವನ ದನಿಯಲ್ಲೇ 'ಇಸ್ಕೂಲ್, ಇಸ್ಕೂಲ್' ಎಂದೆ. ತರಗತಿ ಹಾರಿಹೋಗುವಂತೆ ನಕ್ಕಿತು. ಹುಡುಗನೂ ನಕ್ಕ. ಅವನು ನಕ್ಕದ್ದರಿಂದ ನನಗೆ ಏನೂ ಅನ್ನಿಸಲಿಲ್ಲ. ಮುಂದಿನ ಮೂರು ವರ್ಷ ಇಂಗ್ಲಿಷ್ ತರಗತಿಯಲ್ಲಿ ಅವನು ಕೈ ಎತ್ತಲಿಲ್ಲ. ಓದುವ ಸರದಿ ಬಂದಾಗಲೆಲ್ಲ ಗಂಟಲು ನೋವೆನ್ನುತ್ತಿದ್ದ. ನಾನು ಮುಂದಿನವನನ್ನು ಎಬ್ಬಿಸುತ್ತಿದ್ದೆ.

(ಇಲ್ಲೊಂದು ಪಾಠದ ಮಾತು. ಸಕಾರದ ಒತ್ತಕ್ಷರದ ಮುಂದೆ ಒಂದು ಸ್ವರ ಸೇರಿಸಿಕೊಳ್ಳುವುದು ಪೆದ್ದತನವಲ್ಲ. ನಾಲಿಗೆಯ ಸಹಜ ಧರ್ಮ. ಲ್ಯಾಟಿನ್ನಿನ 'ಸ್ಕೋಲ' ಸ್ಪ್ಯಾನಿಷ್ ಭಾಷೆಯಲ್ಲಿ 'ಎಸ್ಕ್ವೇಲ' ಆಯಿತು, ಫ್ರೆಂಚಿನಲ್ಲಿ ಸಕಾರವೂ ಬಿದ್ದು 'ಎಕೋಲ್' ಆಯಿತು. ಅವರು ಹಾಗೆಂದದ್ದು ನಿಘಂಟಿಗೆ ಸೇರಿತು, ನನ್ನ ಹುಡುಗ ಹಾಗೆಂದಾಗ ನಗೆಪಾಟಲಾದ. ಬಿ.ಎಡ್. ಓದಿದವನಿಗೆ ಅಂದು ಇದು ಹೊಳೆಯಲಿಲ್ಲ.)

2016ರ ಹಳೆಯ ವಿದ್ಯಾರ್ಥಿಗಳ ಸಮ್ಮಿಲನ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ವೇದಿಕೆಯ ಮೇಲೆ ಯಾರೋ 'ಇಸ್ಕೂಲ್' ಪ್ರಸಂಗವನ್ನು ನನ್ನದೇ ಹಾವಭಾವಗಳೊಂದಿಗೆ ಆಡಿ ತೋರಿಸಿದರು. ಸಭೆ ಮತ್ತೆ ನಕ್ಕಿತು, ಅವನೂ ಮತ್ತೆ ನಕ್ಕ. ಈಗ ಅವನು ಅಡಿಕೆ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದಿದ್ದಾನೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು, ಯಾವ ಆಕ್ಷೇಪಣೆಯ ದನಿಯೂ ಇಲ್ಲದೆ ಹೇಳಿದ: "ಮಗಳನ್ನು ದೊಡ್ಡ ಶಾಲೆಗೆ ಹಾಕಿದ್ದೇನೆ ಸರ್. ಪೋಷಕರ ಸಭೆಗೆ ನಾನು ಹೋಗುವುದಿಲ್ಲ, ಹೆಂಡತಿಯನ್ನೇ ಕಳಿಸುತ್ತೇನೆ. ಅಲ್ಲಿ ಎಲ್ಲರೂ ಇಂಗ್ಲಿಷ್‌ನಲ್ಲಿ ಮಾತಾಡ್ತಾರೆ." ಎಲೆಯ ಮೇಲಿದ್ದ ಹೋಳಿಗೆ ನನಗೆ ಇಳಿಯಲಿಲ್ಲ. ಇದನ್ನು ಹೆಸರು ಹೇಳದೆ ಬರೆಯಲು ಅವನ ಅನುಮತಿ ಪಡೆದಿದ್ದೇನೆ.

ನಿಮ್ಮ ಆಕ್ಷೇಪಗಳನ್ನು ನಾನೇ ಊಹಿಸಬಲ್ಲೆ. 'ಈಗಿನವರ ಚರ್ಮ ತೆಳು' ಎನ್ನುತ್ತೀರಿ. ಆ ಧಾರಾವಾಹಿಯನ್ನು ನಿಲ್ಲಿಸಿದ್ದು ಮೊಬೈಲು ಹಿಡಿದ ಈಗಿನ ಹುಡುಗರಲ್ಲ. ಜನಪ್ರಿಯವಾಗಿದ್ದಾಗಲೇ, 1979ರಲ್ಲಿ, ಅದರ ಚಿತ್ರಣ ಅವಹೇಳನಕಾರಿಯೆಂದು ವಾಹಿನಿಯ ಹಿರಿಯ ಅಧಿಕಾರಿ ಮೈಕೇಲ್ ಗ್ರೇಡ್ ನಿಲ್ಲಿಸಿದ. ಬಿಳಿಯರು ಮುಖಕ್ಕೆ ಕಪ್ಪು ಬಳಿದು ಹಾಡಿ ಕುಣಿಯುವ ಕಾರ್ಯಕ್ರಮವೊಂದನ್ನು ಬಿಬಿಸಿ 1958ರಿಂದ 1978ರವರೆಗೆ ನಡೆಸಿತು. ಅದನ್ನು ನಿಲ್ಲಿಸಿರೆಂದು 1967ರಲ್ಲೇ ಮನವಿ ಸಲ್ಲಿಕೆಯಾಗಿತ್ತು. ನೋವು ಆಗಲೂ ಆಗುತ್ತಿತ್ತು. ಹೇಳಿಕೊಂಡವರ ಮಾತು ನಮ್ಮವರೆಗೆ ಬರಲಿಲ್ಲ, ಅಷ್ಟೆ.

'ಅದು ಆ ಮನೋಭಾವವನ್ನೇ ವಿಡಂಬಿಸುತ್ತಿತ್ತು' ಎನ್ನುವವರೂ ಇದ್ದಾರೆ. ಇದು ತೂಕದ ಮಾತು. 'ಟಿಲ್ ಡೆತ್ ಅಸ್ ಡೂ ಪಾರ್ಟ್' ಧಾರಾವಾಹಿಯ ಆಲ್ಫ್ ಗಾರ್ನೆಟ್ ಎಂಬ ಬಾಯಿಬಡುಕನನ್ನು ಜಾನಿ ಸ್ಪೈಟ್ ಸೃಷ್ಟಿಸಿದ್ದು ಜನಾಂಗದ್ವೇಷವನ್ನು ಗೇಲಿ ಮಾಡಲಿಕ್ಕೇ. ಪಾತ್ರಧಾರಿ ವಾರನ್ ಮಿಚೆಲ್ ಸ್ವತಃ ಯೆಹೂದಿ. ಆದರೆ ಬೀದಿಯಲ್ಲಿ ಸಿಕ್ಕವರು ಕರಿಯರಿಗೆ ಚೆನ್ನಾಗಿ ಬೈದೆಯೆಂದು ಬೆನ್ನು ತಟ್ಟುತ್ತಿದ್ದರೆಂದೂ, ಬೈದದ್ದು ನಿಮ್ಮಂಥವರಿಗೇ ಎಂದು ತಾನು ಉತ್ತರಿಸುತ್ತಿದ್ದೆನೆಂದೂ ಅವನೇ ಹೇಳಿಕೊಂಡಿದ್ದ. ವಿಡಂಬನೆ ಒಳ್ಳೆಯದೇ, ಅದು ಯಾರ ಕಿವಿಗೆ ಹೇಗೆ ಬಿದ್ದಿತು ಎಂಬುದನ್ನೂ ನಗಿಸುವವನು ನೋಡಬೇಕಾಗುತ್ತದೆ.

ಇನ್ನು, ಹಳೆಯದನ್ನೆಲ್ಲ ಅಳಿಸಿಹಾಕಿ ಎನ್ನುವವರ ಪಕ್ಷವೂ ನನ್ನದಲ್ಲ. 2020ರಲ್ಲಿ 'ಫಾಲ್ಟಿ ಟವರ್ಸ್'ನ ಜರ್ಮನ್ ಅತಿಥಿಗಳ ಕಂತನ್ನು ಒಂದು ಪ್ರಸಾರ ಸಂಸ್ಥೆ ತೆಗೆದುಹಾಕಿ, ಗಲಾಟೆಯಾದ ಮೇಲೆ ಎಚ್ಚರಿಕೆಯ ಮಾತಿನೊಂದಿಗೆ ಮರಳಿ ಹಾಕಿತು. ಜಾನ್ ಕ್ಲೀಸ್ ಸಿಟ್ಟಾದ. ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನೆಣಿಕೆ. ಅಲ್ಲಿ ನಗೆಗೀಡಾಗುವುದು ಯುದ್ಧದ ಮಾತೆತ್ತಬಾರದೆಂದು ಹೆಣಗುತ್ತ ಅದನ್ನೇ ಒದರುವ ಹೋಟೆಲಿನ ಯಜಮಾನ, ಮತ್ತು ಹಳೆಯ ಸಾಮ್ರಾಜ್ಯದ ಗುಂಗಿನಲ್ಲಿರುವ ಮುದಿ ಮೇಜರ್. ಕಲ್ಲು ಆರಿಸುವವನಿಗೆ ಅಕ್ಕಿಯ ಗುರುತು ಇರಬೇಕು. ಇಲ್ಲವಾದರೆ ಮೊರವನ್ನೇ ಎಸೆದಂತಾಗುತ್ತದೆ.

ನಗುವುದು ನಿಂತುಹೋಯಿತೆಂಬ ಗೋಳಾಟಕ್ಕೆ ಉತ್ತರ ಬ್ರಿಟನ್ನಿನಲ್ಲೇ ಬಂದಿತು. 1998ರಲ್ಲಿ ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್ ಮೊದಲಾದವರು 'ಗುಡ್‌ನೆಸ್ ಗ್ರೇಷಸ್ ಮಿ' ಎಂಬ ಕಾರ್ಯಕ್ರಮವನ್ನು ಬಿಬಿಸಿ ಟಿವಿಗೆ ತಂದರು. ಹೆಸರೇ ಕುಚೋದ್ಯ: 1960ರಲ್ಲಿ ಪೀಟರ್ ಸೆಲರ್ಸ್ ಭಾರತೀಯ ವೈದ್ಯನ ಧಾಟಿ ಅನುಕರಿಸಿ ಸೋಫಿಯಾ ಲೊರೆನ್ ಜೊತೆ ಹಾಡಿದ್ದ ಹಾಡಿನ ಹೆಸರನ್ನೇ ಇವರು ಕಿತ್ತುಕೊಂಡರು. ಅದರ ಒಂದು ಪ್ರಹಸನದಲ್ಲಿ ಮುಂಬಯಿಯ ಗೆಳೆಯರ ಗುಂಪೊಂದು ರಾತ್ರಿ ಇಂಗ್ಲಿಷ್ ಹೋಟೆಲಿಗೆ ಹೋಗಿ, ತಮ್ಮಲ್ಲಿರುವ ಅತ್ಯಂತ ಸಪ್ಪೆಯಾದ ಪದಾರ್ಥ ಯಾವುದೆಂದು ಕೇಳುತ್ತದೆ. ಬಿಳಿಯ ಮಾಣಿಯ ಹೆಸರನ್ನು ವಕ್ರವಾಗಿ ಉಚ್ಚರಿಸುತ್ತದೆ. ಬ್ರಿಟನ್ನಿನ ಕರಿ ಹೋಟೆಲುಗಳಲ್ಲಿ ಶುಕ್ರವಾರ ರಾತ್ರಿ ಕುಡಿದು ಬಂದವರು ನಡೆದುಕೊಳ್ಳುವ ರೀತಿಯ ತಿರುಗುಬಾಣ. ಅ ಇಂಗ್ಲಿಷರೂ ಹೊಟ್ಟೆ ತುಂಬ ನಕ್ಕರು. ಕಾರ್ಯಕ್ರಮ ತನ್ನ ಅಪ್ಪ-ಅಮ್ಮ, ಚಿಕ್ಕಪ್ಪ-ಚಿಕ್ಕಮ್ಮಂದಿರನ್ನೂ ಬಿಡಲಿಲ್ಲ, ಅದು ಬೇರೆ ಮಾತು.

ಕನ್ನಡಿಗರಾದ ನಮಗೆ ಇದು ಅಪರಿಚಿತವೇನಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಕೈಲಾಸಂ ಅವರು ಅಲ್ಲಿನ ಮ್ಯೂಸಿಕ್ ಹಾಲ್‌ನ 'ಟಿಪ್ಪರರಿ' ಹಾಡನ್ನು ನಮ್ಮ ತಿಪ್ಪಾರಳ್ಳಿಯ ಹಾಡಾಗಿಸಿದರು. ಅವರ ನಾಟಕಗಳ ತುಂಬ ಅರೆ ಇಂಗ್ಲಿಷು, ಅರೆ ಕನ್ನಡ. ಆದರೆ 'ಟೊಳ್ಳುಗಟ್ಟಿ'ಯಲ್ಲಿ ಟೊಳ್ಳಾಗಿ ಕಾಣುವವನು ಪುಸ್ತಕ ಉರುಹೊಡೆದು ಮೆರೆಯುವ ಹುಡುಗನೇ ಹೊರತು ಪರೀಕ್ಷೆಯಲ್ಲಿ ಹಿಂದೆ ಬಿದ್ದವನಲ್ಲ. 1987ರಲ್ಲಿ ನನ್ನ ಕಪಾಟಿನಲ್ಲಿ ಆ ನಾಟಕವೂ ಇತ್ತು. ನಾನು ಕ್ಯಾಸೆಟ್ಟಿನ ಮಾದರಿಯನ್ನು ಆರಿಸಿಕೊಂಡೆ.

ಆ ತುಣುಕು ಕಳುಹಿಸಿದ ಶಿಷ್ಯನೂ ಅದೇ ಎಂಟನೆಯ ತರಗತಿಯವನು. ಅವನ ಮೇಲೆ ನನಗೆ ಸಿಟ್ಟಿಲ್ಲ; ಅಂದು ಅವನನ್ನು ನಗಿಸಿದವನು ನಾನೇ. ನಿನ್ನೆ ಅವನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಸರ್, ನನ್ನ ಮಗ ನನ್ನ ಇಂಗ್ಲಿಷನ್ನು ಹಾಗೇ ಆಡಿಕೊಳ್ತಾನೆ, ನಾನೂ ನಕ್ಕುಬಿಡ್ತೀನಿ" ಎಂದ. ಗಾಡ್‌ಫ್ರೀಯ ಕಂತನ್ನು ನೋಡೆಂದು ಹೇಳಿದ್ದೇನೆ. ಮಗನ ಜೊತೆ ಕೂತು ನೋಡುವುದಾಗಿ ಒಪ್ಪಿಕೊಂಡಿದ್ದಾನೆ.

ನಿಮ್ಮಲ್ಲಿ ಒಪ್ಪದವರು ಇಲ್ಲೇ ಕೆಳಗೆ ಬರೆಯಿರಿ. ಹೆಬ್ಬೆರಳು ಬೇಡ, ವಾಕ್ಯಗಳನ್ನು ಬರೆಯಿರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಕೆಂಪು ಪೆನ್ನು ನಿವೃತ್ತಿಯಾದ ದಿನವೇ ಶಾಲೆಯಲ್ಲಿ ಬಿಟ್ಟು ಬಂದಿದ್ದೇನೆ.